ಹಳೇ ಗಾಡಿ ಕೊಳ್ಳುವ ಮುನ್ನ

ಸಸಿ, ಹೂಕುಂಡಗಳ ವ್ಯಾಪಾರಕ್ಕೆಂದು ನಿಮ್ಮ ಮನೆಯವರು ಹಳೇ ಟಾಟಾ ಏಸ್ ಕೊಳ್ಳುವ ಮಾತೆತ್ತಿದ್ದಾರೆಯೇ? ಹಣ ಹೊಂದಿಸಲು ನಿಮ್ಮ ಬಳೆಯೇ ಅಡವಿಗೆ ಹೋಗುವುದಾದರೆ, "ಗಾಡಿ ವಿಷಯ ನಮಗೇನು ಗೊತ್ತಾಗುತ್ತೆ" ಅಂತ ಸುಮ್ಮನೆ ಕೂರಬೇಡಿ. ನೀವೂ ಜೊತೆಗೆ ಹೋಗಿ ನೋಡಿ.

ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗಲೇ ಹೋಗಿ. ಮೊದಲೇ ಬಿಸಿ ಮಾಡಿಟ್ಟ ಗಾಡಿ ತನ್ನ ರೋಗ ಮುಚ್ಚಿಡುತ್ತದೆ. ನೀಲಿ ಹೊಗೆ ಬರುತ್ತಲೇ ಇದ್ದರೆ ಆಯಿಲ್ ಉರಿಯುತ್ತಿದೆ ಎಂದರ್ಥ. ಹಿಂದಿನ ಬಾಡಿಯ ತಳವನ್ನು ಬಗ್ಗಿ ನೋಡಿ. ಒದ್ದೆ ಮಣ್ಣಿನ ಕುಂಡ ಹೊರುವ ಗಾಡಿಗೆ ತುಕ್ಕೇ ಶತ್ರು. ಹೊಸ ಬಣ್ಣಕ್ಕೆ ಮರುಳಾಗಬೇಡಿ.

ಇನ್ನು ಕಾಗದಪತ್ರ. ಆರ್.ಸಿ.ಯಲ್ಲಿರುವ ಎಂಜಿನ್, ಚಾಸಿಸ್ ನಂಬರುಗಳು ಗಾಡಿಯ ಮೇಲಿನವಕ್ಕೆ ತಾಳೆಯಾಗಬೇಕು. ಅದರಲ್ಲಿ ಸಾಲದ ನಮೂದಿದ್ದರೆ ಬ್ಯಾಂಕಿನ ಎನ್.ಓ.ಸಿ., ನಮೂನೆ 35 ಕೇಳಿ. 8 ವರ್ಷ ದಾಟಿದ ಸರಕು ಗಾಡಿಗೆ ಪ್ರತಿವರ್ಷ ಎಫ್.ಸಿ. ಆಗಬೇಕು, ಆ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ. ನಮೂನೆ 29, 30ಕ್ಕೆ ಮಾರುವವರ ಸಹಿ ಹಾಕಿಸಿಕೊಂಡು, 30 ದಿನದೊಳಗೆ ಹೆಸರು ಬದಲಾವಣೆಗೆ ಅರ್ಜಿ ಕೊಡಿ.

ಇದ್ದ ಹಣವನ್ನೆಲ್ಲಾ ಗಾಡಿಗೇ ಸುರಿಯದೆ, ಟೈರು, ಬ್ಯಾಟರಿ, ಬ್ರೇಕಿಗೆಂದು ಒಂದಿಷ್ಟು ಎತ್ತಿಡಿ. ಗಾಡಿ ಕೆಟ್ಟು ಒಂದು ವಾರ ನಿಂತರೆ ವ್ಯಾಪಾರವೂ ನಿಲ್ಲುತ್ತೆ. ಬಳೆಯ ಮೇಲಿನ ಬಡ್ಡಿ ಮಾತ್ರ ನಿಲ್ಲೋಲ್ಲ.