ಆರೋಗ್ಯದ ಅಂಕಿಅಂಶಗಳು: ನಿಂತ ಚಿತ್ರ, ನಡೆಯುವ ಚಿತ್ರ

ಊರಿನಿಂದ ಬಂದ ನೆಂಟರನ್ನು ನೌಬತ್ ಪಹಾಡದ ಮೇಲಿನ ಬಿರ್ಲಾ ತಾರಾಲಯಕ್ಕೆ ಕರೆದೊಯ್ಯದ ಕನ್ನಡ ಕುಟುಂಬ ಹೈದರಾಬಾದಿನಲ್ಲಿ ವಿರಳವೆಂದೇ ಹೇಳಬೇಕು. ಅಲ್ಲಿ ದೀಪಗಳು ಆರಿದೊಡನೆ ಗುಮ್ಮಟದ ತುಂಬ ನಕ್ಷತ್ರಗಳು ಮೂಡುತ್ತವೆ. ಮನೆಯ ಮಾಳಿಗೆಯ ಮೇಲೆ ನಿಂತು ನೋಡಿದರೆ ಅಲುಗದಂತೆ ತೋರುವ ಆಕಾಶವು ಅಲ್ಲಿ ಕೆಲವೇ ನಿಮಿಷಗಳಲ್ಲಿ ಇಡೀ ರಾತ್ರಿಯ ಪಯಣವನ್ನು ಮುಗಿಸುತ್ತದೆ. ಯಾವುದು ನಕ್ಷತ್ರ, ಯಾವುದು ಗ್ರಹ ಎಂಬುದನ್ನು ನಮ್ಮ ಪೂರ್ವಿಕರು ಕಂಡುಕೊಂಡದ್ದು ಒಂದು ರಾತ್ರಿಯ ನೋಟದಿಂದಲ್ಲ. ಹಲವು ರಾತ್ರಿಗಳಲ್ಲಿ ಯಾವುದು ತನ್ನ ಸ್ಥಾನವನ್ನು ಬದಲಿಸುತ್ತದೆ ಎಂಬುದನ್ನು ಗಮನಿಸಿದ್ದರಿಂದ.

ಜನಾರೋಗ್ಯದ ಅಂಕಿಅಂಶಗಳ ವಿಷಯದಲ್ಲಿಯೂ ಈ ಮಾತು ಸತ್ಯ. ಶಿಶುಮರಣ ಇಷ್ಟು, ಆಯುರ್ಮಾನ ಇಷ್ಟು, ಆಸ್ಪತ್ರೆಯ ಹೆರಿಗೆಗಳು ಇಷ್ಟು ಎಂದು ಪತ್ರಿಕೆಗಳಲ್ಲಿ ನಾವು ಓದುವುದೆಲ್ಲ ನಿಂತ ಚಿತ್ರಗಳು. ಅವು ಸುಳ್ಳಲ್ಲ, ಆದರೆ ಎಲ್ಲಿಂದ ಬಂದೆವು, ಯಾವ ದಿಕ್ಕಿಗೆ ಹೋಗುತ್ತಿದ್ದೇವೆ ಎಂಬುದನ್ನು ಹೇಳಲಾರವು. ಆ ಕೊರತೆಯನ್ನು ತುಂಬಲು ರೂಪುಗೊಂಡ ಚಲಿಸುವ ನಕ್ಷೆಯನ್ನು ವಾಚಕರಿಗೆ ಪರಿಚಯಿಸುವುದು ಈ ಲೇಖನದ ಉದ್ದೇಶ.

ಬೆಂಗಳೂರಿನ ಒಂದು ತರಗತಿ

ಈ ನಕ್ಷೆಯ ಹಿಂದೆ ಕನ್ನಡ ನಾಡಿನ ಒಂದು ಪ್ರಸಂಗವಿದೆ. 1972ರಲ್ಲಿ ಸ್ವೀಡನ್ನಿನ ಹಾನ್ಸ್ ರೋಸ್ಲಿಂಗ್ ಎಂಬ ವೈದ್ಯ ವಿದ್ಯಾರ್ಥಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿಗೆ ಸಾರ್ವಜನಿಕ ಆರೋಗ್ಯದ ವ್ಯಾಸಂಗಕ್ಕಾಗಿ ಬಂದರು. ಮೊದಲ ತರಗತಿಯಲ್ಲಿ ಮೂತ್ರಪಿಂಡದ ಒಂದು ಕ್ಷ-ಕಿರಣ ಚಿತ್ರವನ್ನು ತೋರಿಸಲಾಯಿತು. ಉತ್ತರ ತಮಗೆ ಗೊತ್ತಿದೆಯೆಂದು ಅವರು ಭಾವಿಸಿದರು. ಆದರೆ ಪಕ್ಕದಲ್ಲಿದ್ದ ಭಾರತೀಯ ವಿದ್ಯಾರ್ಥಿಗಳು ಅವರಿಗೆ ತಿಳಿಯದ ಎಷ್ಟೋ ಸಂಗತಿಗಳನ್ನು ವಿವರಿಸತೊಡಗಿದರು. ತಾವು ತಪ್ಪಿ ತಜ್ಞರ ತರಗತಿಗೆ ಬಂದಿರಬೇಕೆಂದು ಅವರಿಗೆ ಅನುಮಾನವಾಯಿತು. ವಿಚಾರಿಸಿದಾಗ ಅವರೆಲ್ಲರೂ ತಮ್ಮಂತೆಯೇ ನಾಲ್ಕನೆಯ ವರ್ಷದ ವಿದ್ಯಾರ್ಥಿಗಳೆಂದು ತಿಳಿಯಿತು. ಪಶ್ಚಿಮವೇ ಶ್ರೇಷ್ಠ, ಉಳಿದವರು ಎಂದೆಂದಿಗೂ ಹಿಂದೆ ಎಂಬ ತಮ್ಮ ಭಾವನೆ ಅಂದು ಕುಸಿಯಿತೆಂದು ಅವರು ಮುಂದೆ ಬರೆದುಕೊಂಡಿದ್ದಾರೆ.

ಮುಂದೆ ಅವರು ಮೊಜಾಂಬಿಕ್‌ನಲ್ಲಿ ವೈದ್ಯರಾಗಿ ದುಡಿದು, ಸ್ಟಾಕ್‌ಹೋಮಿನ ಕರೋಲಿನ್ಸ್ಕಾ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾದರು. ಜಗತ್ತನ್ನು 'ನಾವು' ಮತ್ತು 'ಅವರು' ಎಂದು ಎರಡು ಪಾಲಾಗಿ ಕಾಣುವ ತಮ್ಮ ವಿದ್ಯಾರ್ಥಿಗಳ ಭ್ರಮೆಯನ್ನು ಬಿಡಿಸಲು ದೇಶಗಳನ್ನು ಬೊಟ್ಟುಗಳಾಗಿ ತೋರಿಸುವ ನಕ್ಷೆಯೊಂದನ್ನು ಸಿದ್ಧಪಡಿಸಿದರು. ಆ ಬೊಟ್ಟುಗಳು ಕಂಪ್ಯೂಟರಿನ ಪರದೆಯ ಮೇಲೆ ಚಲಿಸುವಂತೆ ಮಾಡಿದವರು ಅವರ ಮಗ ಓಲಾ ಮತ್ತು ಸೊಸೆ ಅನ್ನಾ. ಮೂವರೂ ಸೇರಿ 2005ರಲ್ಲಿ ಗ್ಯಾಪ್‌ಮೈಂಡರ್ ಎಂಬ ಪ್ರತಿಷ್ಠಾನವನ್ನು ಸ್ಥಾಪಿಸಿದರು. 2007ರಲ್ಲಿ ಅವರ ತಂತ್ರಾಂಶವನ್ನು ಗೂಗಲ್ ಸಂಸ್ಥೆ ಕೊಂಡಿತು. 2009ರ ನವೆಂಬರಿನಲ್ಲಿ ಮೈಸೂರಿನ ಇನ್ಫೋಸಿಸ್ ಆವರಣದಲ್ಲಿ ನಡೆದ ಸಮಾವೇಶದಲ್ಲಿ ರೋಸ್ಲಿಂಗ್ ಇದೇ ಬೊಟ್ಟುಗಳನ್ನು ಓಡಿಸಿ ತೋರಿಸುತ್ತ, ಬೆಂಗಳೂರಿನ ಆ ತರಗತಿಯನ್ನು ನೆನೆದರು. ಅವರು 2017ರಲ್ಲಿ ತೀರಿಕೊಂಡರು. ನಕ್ಷೆಯು ಇಂದಿಗೂ ಅಂತರ್ಜಾಲದಲ್ಲಿ ಉಚಿತವಾಗಿ ದೊರೆಯುತ್ತದೆ.

ಒಂದು ಬೊಟ್ಟಿನಲ್ಲಿ ಐದು ಸಂಗತಿ

ನಕ್ಷೆಯ ರಚನೆ ಸರಳ. ಅಡ್ಡಗೆರೆಯ ಮೇಲೆ ತಲಾ ಆದಾಯ, ಲಂಬಗೆರೆಯ ಮೇಲೆ ಆಯುರ್ಮಾನ. ಒಂದೊಂದು ದೇಶಕ್ಕೆ ಒಂದೊಂದು ಬೊಟ್ಟು. ಜನಸಂಖ್ಯೆ ಹೆಚ್ಚಿದ್ದರೆ ಬೊಟ್ಟು ದೊಡ್ಡದು, ಕಡಿಮೆಯಿದ್ದರೆ ಚಿಕ್ಕದು. ಬಣ್ಣವು ಭೂಖಂಡವನ್ನು ಸೂಚಿಸುತ್ತದೆ. ಗುಂಡಿಯನ್ನು ಒತ್ತಿದರೆ ವರ್ಷಗಳು ಉರುಳುತ್ತವೆ, ಬೊಟ್ಟುಗಳು ನಡೆಯುತ್ತವೆ. ಹೀಗೆ ಐದು ಸಂಗತಿಗಳನ್ನು ಕಣ್ಣು ಒಮ್ಮೆಗೇ ಗ್ರಹಿಸುತ್ತದೆ. ಬೇಕಾದ ದೇಶವನ್ನು ಆರಿಸಿ ಅದರ ಹೆಜ್ಜೆಗುರುತನ್ನು ಉಳಿಸಿಕೊಳ್ಳಬಹುದು. ಆದಾಯದ ಬದಲು ತಾಯಂದಿರ ಶಿಕ್ಷಣವನ್ನೋ, ಆಯುರ್ಮಾನದ ಬದಲು ಶಿಶುಮರಣವನ್ನೋ ಇರಿಸಿ ನೋಡಬಹುದು.

ಆದಾಯದ ಗೆರೆಯಲ್ಲಿ ಒಂದು ವಿಶೇಷವಿದೆ. ಅಲ್ಲಿ ಸಮಾನ ಅಂತರದಲ್ಲಿ ಬರುವ ಅಂಕಿಗಳು 1, 2, 3, 4 ಸಾವಿರವಲ್ಲ. 1, 2, 4, 8 ಸಾವಿರ. ತಿಂಗಳಿಗೆ ಐದು ಸಾವಿರ ಗಳಿಸುವ ಕುಟುಂಬಕ್ಕೆ ಇನ್ನೈದು ಸಾವಿರ ದೊರೆತರೆ ಅದರ ಊಟ, ಔಷಧಗಳೇ ಬದಲಾಗುತ್ತವೆ. ಲಕ್ಷ ಗಳಿಸುವವರಿಗೆ ಅದು ಗಮನಕ್ಕೂ ಬಾರದು. ಆದುದರಿಂದ ಇಲ್ಲಿ ಒಂದೊಂದು ಹೆಜ್ಜೆಯೂ ಆದಾಯ ಇಮ್ಮಡಿಯಾದುದರ ಗುರುತು.

ಭಾರತದ ಬೊಟ್ಟನ್ನು ಅನುಸರಿಸಿದರೆ ಏನು ಕಾಣುತ್ತದೆ? 1918ರಲ್ಲಿ ಅದು ಒಮ್ಮೆಲೇ ಪಾತಾಳಕ್ಕೆ ಧುಮುಕುತ್ತದೆ. ಅದು ಇನ್‌ಫ್ಲುಯೆಂಜಾ ಮಹಾಮಾರಿಯ ವರ್ಷ. 1911ರಿಂದ 1921ರವರೆಗಿನ ದಶಕದಲ್ಲಿ ನಮ್ಮ ಜನಸಂಖ್ಯೆಯೇ ತುಸು ಇಳಿದಿತ್ತು. ಆ ಬಳಿಕ ಬೊಟ್ಟು ಮೇಲೇರತೊಡಗುತ್ತದೆ. ಸ್ವಾತಂತ್ರ್ಯದ ವೇಳೆಗೆ ಸುಮಾರು 32 ವರ್ಷಗಳಷ್ಟಿದ್ದ ಆಯುರ್ಮಾನ 2016–20ರ ಅವಧಿಗೆ 70 ವರ್ಷ ತಲಪಿದೆ. 1971ರಲ್ಲಿ ಸಾವಿರ ಶಿಶುಗಳಲ್ಲಿ 129 ಶಿಶುಗಳು ವರ್ಷ ತುಂಬುವ ಮೊದಲೇ ಸಾಯುತ್ತಿದ್ದವು. 2020ರಲ್ಲಿ ಆ ಸಂಖ್ಯೆ 28.

ನಮ್ಮ ಮನೆಯಂಗಳದ ಉದಾಹರಣೆ

ಹೈದರಾಬಾದಿನಲ್ಲಿ ನೆಲೆಸಿರುವ ನಮಗೆ ಎರಡು ರಾಜ್ಯಗಳು ಸ್ವಂತದವು. ಮಗಳ ಹೆರಿಗೆ ಇಲ್ಲಿಯೋ, ಕರ್ನಾಟಕದ ಬಂಧುಗಳ ಮನೆಯಲ್ಲಿಯೋ ಎಂಬ ಚರ್ಚೆ ಪ್ರತಿ ಮನೆಯಲ್ಲೂ ಒಮ್ಮೆ ನಡೆಯುತ್ತದೆ. ಆದುದರಿಂದ ಹೆರಿಗೆಯ ಅಂಕಿಗಳನ್ನೇ ತೆಗೆದುಕೊಳ್ಳೋಣ. ಇದಕ್ಕೆ ಕಂಪ್ಯೂಟರ್ ಬೇಕಿಲ್ಲ. ಮಕ್ಕಳ ಗ್ರಾಫ್ ಕಾಗದದ ಒಂದು ಹಾಳೆ ಸಾಕು.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ತೆಲಂಗಾಣ, ಕರ್ನಾಟಕ ಎರಡರಲ್ಲೂ ಶೇಕಡಾ 97ರಷ್ಟು ಹೆರಿಗೆಗಳು ಆಸ್ಪತ್ರೆಗಳಲ್ಲಿ ಆಗಿವೆ. ಈ ಒಂದು ಅಂಕಿಯಿಂದ ನೋಡಿದರೆ ಎರಡು ಬೊಟ್ಟುಗಳು ಒಂದರ ಮೇಲೊಂದು ಕುಳಿತಿವೆ. ಈಗ ಗೆರೆಗಳನ್ನು ಬದಲಿಸೋಣ. ಅಡ್ಡಗೆರೆಯಲ್ಲಿ ಸಿಸೇರಿಯನ್ ಹೆರಿಗೆಯ ಶೇಕಡಾ ಪ್ರಮಾಣ, ಲಂಬಗೆರೆಯಲ್ಲಿ ಲಕ್ಷ ಜನನಗಳಿಗೆ ಸಾಯುವ ತಾಯಂದಿರ ಸಂಖ್ಯೆ ಇರಲಿ. ತೆಲಂಗಾಣದಲ್ಲಿ ಸಿಸೇರಿಯನ್ 60.7, ತಾಯಂದಿರ ಮರಣ 43. ಕರ್ನಾಟಕದಲ್ಲಿ 31.5 ಮತ್ತು 69. ಒಂದಾಗಿದ್ದ ಬೊಟ್ಟುಗಳು ದೂರ ಸರಿದವು. ಈ ನಿಂತ ಚಿತ್ರವನ್ನು ಮಾತ್ರ ನೋಡಿದವರು, ಶಸ್ತ್ರಚಿಕಿತ್ಸೆ ಹೆಚ್ಚಿದಷ್ಟೂ ತಾಯಂದಿರು ಉಳಿಯುತ್ತಾರೆ ಎಂಬ ನಿರ್ಣಯಕ್ಕೆ ಬಂದುಬಿಡಬಹುದು.

ಆದರೆ ಮೂರನೆಯ ಬೊಟ್ಟನ್ನು ಇಡಿ. ಕೇರಳದಲ್ಲಿ ಸಿಸೇರಿಯನ್ 38.9, ತಾಯಂದಿರ ಮರಣ 19 ಮಾತ್ರ. ನಿರ್ಣಯ ಅಲುಗಾಡಿತು. ಇನ್ನು ಬೊಟ್ಟುಗಳನ್ನು ನಡೆಸೋಣ. ಐದು ವರ್ಷ ಹಿಂದಿನ ಸುತ್ತಿನಲ್ಲಿ ತೆಲಂಗಾಣದ ಸಿಸೇರಿಯನ್ ಪ್ರಮಾಣ 57.7, ತಾಯಂದಿರ ಮರಣ 81, ಕರ್ನಾಟಕದ್ದು 23.6 ಮತ್ತು 108, ಕೇರಳದ್ದು 35.8 ಮತ್ತು 46. ಹಳೆಯ ಸ್ಥಾನದಿಂದ ಹೊಸ ಸ್ಥಾನಕ್ಕೆ ಬಾಣವನ್ನೆಳೆಯಿರಿ. ಮೂರೂ ಬಾಣಗಳು ಕೆಳಮುಖವಾಗಿವೆ. ಇದು ಸಂತೋಷದ ವಿಷಯ. ಕರ್ನಾಟಕದ ಮರಣ 39ರಷ್ಟು ಇಳಿದಾಗ ಸಿಸೇರಿಯನ್ ಸುಮಾರು ಎಂಟು ಅಂಶ ಏರಿತು. ತೆಲಂಗಾಣದ ಮರಣ 38ರಷ್ಟು ಇಳಿದಾಗ ಅದು ಏರಿದ್ದು ಮೂರೇ ಅಂಶ. ಇಳಿಕೆ ಹೆಚ್ಚುಕಡಿಮೆ ಒಂದೇ, ಏರಿಕೆ ಬೇರೆ ಬೇರೆ. ಅಂದಮೇಲೆ ತಾಯಂದಿರನ್ನು ಉಳಿಸಿದ್ದು ಶಸ್ತ್ರವೊಂದೇ ಎನ್ನಲು ಆಧಾರವಿಲ್ಲ. ಸಿಸೇರಿಯನ್ ಪ್ರಮಾಣ ಶೇಕಡಾ 10ನ್ನು ದಾಟಿದ ಮೇಲೆ ಜನಸಮುದಾಯದ ಮಟ್ಟದಲ್ಲಿ ತಾಯಿ-ಶಿಶುಗಳ ಮರಣ ಅದರಿಂದ ಇಳಿದಂತೆ ಕಾಣುವುದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯೂ 2015ರಲ್ಲಿ ಹೇಳಿದೆ.

ತೆಲಂಗಾಣದ ಬೊಟ್ಟನ್ನೇ ಇನ್ನೊಮ್ಮೆ ಒಡೆದು ನೋಡಿದರೆ, 2019–21ರ ಸಮೀಕ್ಷೆಯಲ್ಲಿ ಸರ್ಕಾರಿ ಆಸ್ಪತ್ರೆಗಳಲ್ಲಿ ಸಿಸೇರಿಯನ್ ಶೇಕಡಾ 44.5, ಖಾಸಗಿ ಆಸ್ಪತ್ರೆಗಳಲ್ಲಿ 81.5. ಇಷ್ಟೊಂದು ಅಂತರಕ್ಕೆ ತಾಯಂದಿರ ದೇಹಸ್ಥಿತಿಯೊಂದೇ ಕಾರಣವಾಗಿರಲಾರದು. ಹಾಗೆಂದು ಯಾರೂ ಹೆದರಬಾರದು. ಮಗು ಅಡ್ಡಲಾಗಿದ್ದಾಗ, ಮಾಸು ದಾರಿಗೆ ಅಡ್ಡವಿದ್ದಾಗ, ಮಗುವಿನ ಎದೆಬಡಿತ ಕುಸಿಯುತ್ತಿರುವಾಗ ಸಿಸೇರಿಯನ್ ಎರಡು ಜೀವಗಳನ್ನು ಉಳಿಸುವ ವರದಾನ. ತುರ್ತು ಇಲ್ಲದ ಸಂದರ್ಭದಲ್ಲಿ ಮಾತ್ರ, "ಇದು ಏಕೆ ಅಗತ್ಯ, ಕಾದು ನೋಡಲು ಅವಕಾಶವಿದೆಯೆ?" ಎಂದು ವೈದ್ಯರನ್ನು ವಿನಯದಿಂದ ಕೇಳುವ ಹಕ್ಕು ಪ್ರತಿ ಗರ್ಭಿಣಿಗೂ ಆಕೆಯ ಮನೆಯವರಿಗೂ ಇದೆ.

ನೋಡುವಾಗ ಇರಬೇಕಾದ ಎಚ್ಚರ

ಈ ನಕ್ಷೆಗಳು ಆಕರ್ಷಕ. ಆದುದರಿಂದಲೇ ಎಚ್ಚರ ಬೇಕು. ಮೊದಲನೆಯದಾಗಿ, ಪ್ರತಿ ಬೊಟ್ಟೂ ಒಂದು ಸರಾಸರಿ. ಕರ್ನಾಟಕದ ಬೊಟ್ಟನ್ನು ಜಿಲ್ಲೆಗಳಾಗಿ ಒಡೆದರೆ, 2011ರ ಜನಗಣತಿಯಂತೆ ದಕ್ಷಿಣ ಕನ್ನಡದ ಸಾಕ್ಷರತೆ ಶೇಕಡಾ 88.6, ಯಾದಗಿರಿಯದು 51.8. ನಮ್ಮಲ್ಲಿ ಅನೇಕರ ಹಿರಿಯರು 1956ರವರೆಗೆ ಹೈದರಾಬಾದ್ ರಾಜ್ಯದ ಭಾಗವಾಗಿದ್ದ ಬೀದರ್, ಗುಲ್ಬರ್ಗ, ರಾಯಚೂರುಗಳ ಕಡೆಯವರು. ಆ ಭಾಗದ ಹಿಂದುಳಿದಿರುವಿಕೆಯನ್ನು 2002ರಲ್ಲಿ ಡಿ. ಎಂ. ನಂಜುಂಡಪ್ಪ ಸಮಿತಿ ತಾಲ್ಲೂಕುವಾರು ಲೆಕ್ಕಹಾಕಿ ತೋರಿಸಿತು. 2012ರ ತಿದ್ದುಪಡಿಯಿಂದ ಸಂವಿಧಾನಕ್ಕೆ 371(ಜೆ) ವಿಧಿ ಸೇರಿತು. ರಾಜ್ಯದ ಒಂದೇ ಬೊಟ್ಟನ್ನು ನೋಡುತ್ತ ಕುಳಿತಿದ್ದರೆ ಆ ಕೊರತೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಎರಡನೆಯದಾಗಿ, ಗಡಿಗಳು ಬದಲಾಗುತ್ತವೆ. ಇದೇ ಹೈದರಾಬಾದ್ 1956ರವರೆಗೆ ಒಂದು ರಾಜ್ಯದಲ್ಲಿ, ಅನಂತರ ಆಂಧ್ರ ಪ್ರದೇಶದಲ್ಲಿ, 2014ರ ಜೂನ್ 2ರಿಂದ ತೆಲಂಗಾಣದಲ್ಲಿ ಲೆಕ್ಕಕ್ಕೆ ಸೇರಿದೆ. ಬೊಟ್ಟು ಜಿಗಿದಂತೆ ಕಂಡಾಗ ಜನಜೀವನ ಬದಲಾಯಿತೋ, ನಕ್ಷೆಯ ಗೆರೆ ಬದಲಾಯಿತೋ ವಿಚಾರಿಸಬೇಕು.

ಮೂರನೆಯದಾಗಿ, ಬೊಟ್ಟಿನ ನಯವಾದ ನಡಿಗೆಯೆಲ್ಲ ಅಳೆದದ್ದಲ್ಲ. ಎರಡು ಗಣತಿಗಳ ನಡುವಣ ವರ್ಷಗಳನ್ನು ಅನೇಕ ವೇಳೆ ಅಂದಾಜಿನಿಂದ ತುಂಬಿರುತ್ತಾರೆ. ಮೇಲಿನ ಹೆರಿಗೆಯ ಉದಾಹರಣೆಯಲ್ಲಿಯೂ ಸಿಸೇರಿಯನ್ ಅಂಕಿಗಳು ಕುಟುಂಬ ಆರೋಗ್ಯ ಸಮೀಕ್ಷೆಯವು. ತಾಯಂದಿರ ಮರಣದವು ಮಾದರಿ ನೋಂದಣಿ ವ್ಯವಸ್ಥೆಯ 2014–16 ಮತ್ತು 2018–20ರ ಮೂರು ಮೂರು ವರ್ಷಗಳ ಲೆಕ್ಕ. ಅವಧಿಗಳು ಹತ್ತಿರವಿದ್ದರೂ ಒಂದೇ ಅಲ್ಲ.

ಕೊನೆಯದಾಗಿ, ಕಣ್ಣು ಒಮ್ಮೆಗೆ ನಾಲ್ಕಾರು ಬೊಟ್ಟುಗಳನ್ನಷ್ಟೇ ಹಿಂಬಾಲಿಸಬಲ್ಲದು. 2008ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಜನ ಚಲಿಸುವ ನಕ್ಷೆಯನ್ನು ಹೆಚ್ಚು ಮೆಚ್ಚಿದರು, ಆದರೆ ಸಾಲಾಗಿ ಜೋಡಿಸಿದ ಚಿಕ್ಕ ನಿಂತ ಚಿತ್ರಗಳನ್ನು ನೋಡಿದಾಗಲೇ ಹೆಚ್ಚು ಸರಿಯಾಗಿ ಉತ್ತರಿಸಿದರು. ಚಲನೆಯಿಂದ ಪ್ರಶ್ನೆ ಹುಟ್ಟಲಿ. ಉತ್ತರವನ್ನು ನಿಲ್ಲಿಸಿ, ನಿಧಾನವಾಗಿ ಹುಡುಕೋಣ.

ಮನೆಯ ನಕ್ಷೆ

ಇದೇ ದೃಷ್ಟಿಯನ್ನು ನಮ್ಮ ದೇಹಕ್ಕೂ ಅನ್ವಯಿಸಬಹುದು. ಒಂದು ದಿನದ ರಕ್ತದೊತ್ತಡ ನಿಂತ ಚಿತ್ರ. ಮೆಟ್ಟಿಲು ಹತ್ತಿ ಬಂದರೂ ಅದು ಏರುತ್ತದೆ. ಮಧುಮೇಹದ ಪರೀಕ್ಷೆಗಳಲ್ಲಿ ಮೂರು ತಿಂಗಳ ಸರಾಸರಿಯನ್ನು ಸೂಚಿಸುವ ಪರೀಕ್ಷೆಗೆ ವೈದ್ಯರು ಮಹತ್ವ ಕೊಡುವುದೂ ಈ ಕಾರಣದಿಂದಲೇ. ಮನೆಯ ಹಿರಿಯರಿಗೆ ಒಂದು ನೋಟ್‌ಪುಸ್ತಕವಿರಲಿ. ತೂಕ, ರಕ್ತದೊತ್ತಡ, ಸಕ್ಕರೆಯ ಅಂಶ, ನಡೆಯುವ ಹೊತ್ತು ಇವನ್ನು ದಿನಾಂಕ ಸಹಿತ ಬರೆದು, ವರ್ಷಕ್ಕೊಮ್ಮೆ ಮೊಮ್ಮಕ್ಕಳ ಕೈಯಿಂದ ನಕ್ಷೆ ಬರೆಸಿ ವೈದ್ಯರಿಗೆ ತೋರಿಸಿರಿ. ಊರು ಬದಲಾದರೂ, ವೈದ್ಯರು ಬದಲಾದರೂ ನಮ್ಮ ದೇಹದ ಚರಿತ್ರೆ ನಮ್ಮೊಡನೆ ಇರುತ್ತದೆ. ನೆಲೆ ಬದಲಿಸಿ ಬಂದ ನಮ್ಮಂಥವರಿಗೆ ಇದಕ್ಕಿಂತ ಅಗ್ಗದ ಆರೋಗ್ಯ ವಿಮೆ ಬೇರೊಂದಿಲ್ಲ.