ವ್ಯಾನಿನ ಎಂಜಿನ್ ಕೆಟ್ಟಾಗ: ರಿಪೇರಿಯೋ, ಬದಲಿಯೋ?



ಟೊಮ್ಯಾಟೊ, ಬೀನ್ಸ್, ಹೂಕೋಸು ಬೆಳೆಯುವ ನಮ್ಮ ಕೋಲಾರದ ಕಡೆ ಹಳೆಯ ಡೀಸೆಲ್ ವ್ಯಾನು ಇಂದು ಎತ್ತಿನ ಗಾಡಿಯ ಜಾಗಕ್ಕೆ ಬಂದಿದೆ. ಎತ್ತಿಗೆ ಕಾಲು ನೋವಾದರೆ ಏನು ಮಾಡಬೇಕೆಂದು ನಿಮಗೆ ಗೊತ್ತು. ವ್ಯಾನಿನ ಎಂಜಿನ್ ಕೆಟ್ಟು ನಿಂತಾಗ ಮಾತ್ರ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. "ಹಳೇದನ್ನೇ ಬಿಚ್ಚಿ ಸರಿ ಮಾಡಿಸಿ" ಎಂದು ಒಬ್ಬರು, "ಗುಜರಿಯಿಂದ ಬೇರೆ ಎಂಜಿನ್ ತಂದು ಕೂರಿಸಿ" ಎಂದು ಇನ್ನೊಬ್ಬರು. ನಾನು ಕೃಷಿ ಓದಿದವನು, ಮೆಕ್ಯಾನಿಕ್ ಅಲ್ಲ. ಆದರೂ ಈ ವಿಷಯ ಬರೆಯಲು ಕಾರಣವಿದೆ. ಒಮ್ಮೆ ನಾನೇ ತಪ್ಪು ಸಲಹೆ ಕೊಟ್ಟು ಒಬ್ಬ ರೈತರಿಗೆ ನಷ್ಟ ಮಾಡಿಸಿದ್ದೇನೆ.

ಅವರು ಮುಳಬಾಗಿಲು ಕಡೆಯವರು. ಮೂರು ಎಕರೆ ಟೊಮ್ಯಾಟೊ, ಹನ್ನೆರಡು ವರ್ಷದ ವ್ಯಾನು. ಕಟಾವಿನ ಕಾಲದಲ್ಲಿ ಬಾಕ್ಸುಗಳನ್ನು ತುಂಬಿಕೊಂಡು ಕೋಲಾರದ ಮಾರುಕಟ್ಟೆಗೆ ಹೊರಟಾಗ ದಾರಿಯಲ್ಲಿ ಶಾಖದ ಮುಳ್ಳು ಕೆಂಪಿಗೆ ಏರಿತು. ಇನ್ನು ಸ್ವಲ್ಪ ದೂರ ತಾನೇ, ಹರಾಜು ತಪ್ಪಿಹೋದೀತು ಎಂದು ಅವರು ನಿಲ್ಲಿಸಲಿಲ್ಲ. ಎಂಜಿನ್ ತಾನೇ ನಿಂತಿತು. ಗಾಬರಿಯಲ್ಲಿ ಕಾದ ಎಂಜಿನ್‌ಗೆ ಒಂದು ಬಿಂದಿಗೆ ತಣ್ಣೀರು ಸುರಿದರು. ಹೆಡ್ ಬಿರುಕು ಬಿಟ್ಟಿತು.

ಮರುದಿನ ರೈತ ಸಂಪರ್ಕ ಕೇಂದ್ರಕ್ಕೆ ಬಂದು, "ಸಾರ್, ಹಣ್ಣು ಗಿಡದಲ್ಲೇ ಕೊಳೀತಾ ಇದೆ. ರಿಪೇರಿಗೆ ಹನ್ನೆರಡು ದಿನ ಅಂತಾರೆ. ಗುಜರಿ ಎಂಜಿನ್ ಆದ್ರೆ ನಾಲ್ಕೇ ದಿನ. ಏನ್ ಮಾಡ್ಲಿ?" ಎಂದು ಕೇಳಿದರು. ನಾನು ಬೆಳೆಯನ್ನಷ್ಟೇ ನೋಡಿದೆ. "ಹಾಕಿಸಿಬಿಡಿ ಯಜಮಾನ್ರೇ" ಎಂದೆ. ಎಂಜಿನ್ ಬಂತು, ವ್ಯಾನು ಓಡಿತು. ಒಂದೂವರೆ ತಿಂಗಳಲ್ಲಿ ಅದೂ ಕಾದು ನಿಂತಿತು. ಆಗ ರೇಡಿಯೇಟರ್ ಬಿಚ್ಚಿ ನೋಡಿದರೆ ಅರ್ಧಕ್ಕರ್ಧ ಕೊಳವೆಗಳು ಬಿಳಿ ಪುಡಿ ಕಟ್ಟಿ ಮುಚ್ಚಿಹೋಗಿದ್ದವು. ವರ್ಷಗಟ್ಟಲೆ ಕೊಳವೆ ಬಾವಿಯ ಗಡಸು ನೀರು ಹಾಕಿದ ಫಲ. ಹನಿ ನೀರಾವರಿಯ ತೂತುಗಳನ್ನು ಕಟ್ಟುವ ಅದೇ ಸುಣ್ಣ! ತೋಟದಲ್ಲಿ ಆ ಸುಣ್ಣ ತೆಗೆಯುವ ಕ್ರಮವನ್ನು ಊರೂರು ತಿರುಗಿ ಹೇಳುವ ನನಗೆ ಅವರ ವ್ಯಾನಿನಲ್ಲಿ ಅದು ಹೊಳೆಯಲಿಲ್ಲ.

ಕೆಟ್ಟದ್ದು ಏನು ಎನ್ನುವುದಕ್ಕಿಂತ ಕೆಟ್ಟದ್ದು ಏಕೆ ಎನ್ನುವುದನ್ನು ಮೊದಲು ತಿಳಿಯಬೇಕು. ಈ ಲೇಖನದ ಸಾರ ಇಷ್ಟೇ. ಕಾರಣ ಉಳಿದರೆ ರಿಪೇರಿಯಾದ ಎಂಜಿನ್ನೂ ಸಾಯುತ್ತದೆ, ಬದಲಿ ಎಂಜಿನ್ನೂ ಸಾಯುತ್ತದೆ.

ಮೊದಲು ರೋಗ ಪತ್ತೆ

ಎಂಜಿನ್ ಕಾದಾಗ ಕೂಡಲೇ ಬದಿಗೆ ನಿಲ್ಲಿಸಿ, ಆರಿಸಿ. ಬಿಸಿಯಿದ್ದಾಗ ರೇಡಿಯೇಟರ್ ಮುಚ್ಚಳ ತೆಗೆಯಬೇಡಿ, ಹಬೆ ಚಿಮ್ಮಿ ಮುಖ ಸುಟ್ಟೀತು. ತಣ್ಣೀರನ್ನೂ ಸುರಿಯಬೇಡಿ. ಪೂರ್ತಿ ಆರಿದ ಮೇಲೆ ಈ ಗುರುತುಗಳನ್ನು ನೋಡಿ:

1. ಆಯಿಲ್ ಮಜ್ಜಿಗೆಯಂತೆ ಬೆಳ್ಳಗಾಗಿದ್ದರೆ ಅದಕ್ಕೆ ನೀರು ಸೇರಿದೆ. ಗ್ಯಾಸ್ಕೆಟ್ ಹೋಗಿರಬಹುದು, ಇಲ್ಲವೇ ಹೆಡ್ ಬಿರುಕು ಬಿಟ್ಟಿರಬಹುದು. ಇಂಥ ಎಂಜಿನ್ನನ್ನು ಮತ್ತೆ ಚಾಲೂ ಮಾಡಬೇಡಿ.

2. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ. ಪಿಸ್ಟನ್ ರಿಂಗ್ ಅಥವಾ ಬೋರ್ ಸವೆದಿರುವುದು ಸಾಮಾನ್ಯ ಕಾರಣ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದೆ, ರೇಡಿಯೇಟರ್ ನೀರೂ ಇಳಿಯುತ್ತಿದ್ದರೆ ನೀರು ಒಳಗೆ ಹೋಗುತ್ತಿದೆ. ಕಪ್ಪು ಹೊಗೆಗೆ ಏರ್ ಫಿಲ್ಟರ್ ಕಟ್ಟಿರುವುದೋ ನಾಜಲ್ ಕೆಟ್ಟಿರುವುದೋ ಕಾರಣವಿರಬಹುದು. ಅಷ್ಟಕ್ಕೇ ಎಂಜಿನ್ ಇಳಿಸಬೇಕಾಗಿಲ್ಲ.

3. ಕೆಳಗಿನಿಂದ ಭಾರವಾದ ಬಡಿತದ ಸದ್ದು ಬಂದರೆ ಬೇರಿಂಗ್ ಹೋಗಿರಬಹುದು. ಇನ್ನೂ ಓಡಿಸಿದರೆ ಕ್ರ್ಯಾಂಕ್ ಹಾಳಾಗುತ್ತದೆ. ಕನೆಕ್ಟಿಂಗ್ ರಾಡ್ ಮುರಿದು ಬ್ಲಾಕನ್ನೇ ಸೀಳಬಹುದು.

ಇದಾದ ಮೇಲೆ ಮೆಕ್ಯಾನಿಕ್ಕರಿಂದ ಪ್ರತಿ ಸಿಲಿಂಡರಿನ ಕಂಪ್ರೆಷನ್ ಅಳೆಸಿ ಚೀಟಿಯಲ್ಲಿ ಬರೆಸಿಕೊಳ್ಳಿ. ಎಲ್ಲ ಸಿಲಿಂಡರೂ ಸಮನಾಗಿ ಕಡಿಮೆಯಿದ್ದರೆ ಅದು ವಯಸ್ಸಿನ ಸವೆತ. ಒಂದು ಮಾತ್ರ ಬಹಳ ಕಡಿಮೆಯಿದ್ದರೆ ಅದು ಒಂದು ಕಡೆಯ ಪೆಟ್ಟು.

ಯಾವಾಗ ರಿಪೇರಿ?

ಗ್ಯಾಸ್ಕೆಟ್ ಹೋಗಿದ್ದರೆ, ಹೆಡ್ ಸೊಟ್ಟಗಾಗಿದ್ದರೆ, ವಾಲ್ವ್ ಸುಟ್ಟಿದ್ದರೆ ರಿಪೇರಿಯೇ ಸರಿ. ಲೇತ್ ಅಂಗಡಿಯಲ್ಲಿ ಹೆಡ್ಡಿನ ಮೈ ಮಟ್ಟಸ ಮಾಡಿಸುವ ಮುಂಚೆ ಬಿರುಕಿನ ಪರೀಕ್ಷೆ ಮಾಡಿಸಿ. ಬಿರುಕು ಬಿಟ್ಟ ಹೆಡ್ಡಿಗೆ ಬೆಸುಗೆ ಹಾಕಿಸುವುದಕ್ಕಿಂತ ಬೇರೆ ಹೆಡ್ ಹಾಕಿಸುವುದು ಭದ್ರ.

ಬೋರ್ ಸವೆದಿದ್ದರೂ ಎದೆಗುಂದಬೇಕಿಲ್ಲ. ಎಂಜಿನ್ನಿನ ಮಾದರಿಗೆ ತಕ್ಕಂತೆ ಬೋರ್ ಮಾಡಿಸಿ ದೊಡ್ಡ ಅಳತೆಯ ಪಿಸ್ಟನ್ ಹಾಕಬಹುದು, ಅಥವಾ ಹೊಸ ಲೈನರ್ ಕೂರಿಸಬಹುದು. ಕ್ರ್ಯಾಂಕನ್ನು ಸಾಮಾನ್ಯವಾಗಿ 0.25 ಮಿ.ಮೀ., 0.50 ಮಿ.ಮೀ. ಹೀಗೆ ಹಂತ ಹಂತವಾಗಿ ಉಜ್ಜಿಸಿ, ಆ ಅಳತೆಯ ಬೇರಿಂಗ್ ಹಾಕುತ್ತಾರೆ. ಹಿಂದೆಯೇ ಉಜ್ಜಿಸಿ ಕೊನೆಯ ಅಳತೆ ಮುಟ್ಟಿದ್ದರೆ ಆ ಕ್ರ್ಯಾಂಕಿನ ಆಯಸ್ಸು ಮುಗಿಯಿತೆಂದೇ ತಿಳಿಯಿರಿ.

ಯಾವಾಗ ಬದಲಿ?

ಬ್ಲಾಕ್ ಒಡೆದಿದ್ದರೆ, ಕ್ರ್ಯಾಂಕ್ ಮುರಿದಿದ್ದರೆ, ಬಿಡಿಭಾಗ ಸಿಕ್ಕದಿದ್ದರೆ ಬದಲಿಯೇ ದಾರಿ. ಆದರೆ ಹಳೆಯ ಎಂಜಿನ್ ಕೊಳ್ಳುವುದು ಸಂತೆಯಲ್ಲಿ ಎತ್ತು ಕೊಂಡಂತೆ. ಹಲ್ಲು ಎಣಿಸದೆ, ನಡೆಸಿ ನೋಡದೆ ಎತ್ತು ತರುವವರುಂಟೇ? ಎಂಜಿನ್ನನ್ನೂ ತಣ್ಣಗಿದ್ದಾಗಲೇ ನಿಮ್ಮೆದುರಿಗೆ ಚಾಲೂ ಮಾಡಿಸಿ. ಕಂಪ್ರೆಷನ್ ಅಳೆಸಿ. ಆಯಿಲ್ ನೋಡಿ. ಅದೇ ಮಾದರಿ, ಅದೇ ಹೊಗೆ ಮಾನದಂಡದ ಎಂಜಿನ್ನೇ ಆಗಿರಲಿ. 2020ರ ಏಪ್ರಿಲ್ 1ರಿಂದ ಬಂದ ಬಿ.ಎಸ್. 6 ವಾಹನಗಳ ಎಂಜಿನ್ ಹಳೆಯ ವ್ಯಾನಿಗೆ ಸಲೀಸಾಗಿ ಕೂರುವಂಥದ್ದಲ್ಲ.

ಕಾಗದ ಪತ್ರವನ್ನು ಮರೆಯಬಾರದು. ನಿಮ್ಮ ಆರ್.ಸಿ.ಯಲ್ಲಿ ಎಂಜಿನ್ ನಂಬರು ಇದೆ. ಬದಲಾಯಿಸುವ ಮುಂಚೆಯೇ ಆರ್.ಟಿ.ಒ. ಕಚೇರಿಯಲ್ಲಿ ವಿಚಾರಿಸಿ ಒಪ್ಪಿಗೆ ಪಡೆದು, ನಂತರ ಹೊಸ ನಂಬರನ್ನು ಬರೆಸಿಕೊಳ್ಳಿ, ವಿಮೆಯವರಿಗೂ ತಿಳಿಸಿ. ಮಾರಿದವರಿಂದ ರಸೀದಿಯನ್ನೂ, ಎಂಜಿನ್ ಬಂದ ವಾಹನದ ದಾಖಲೆಯ ಪ್ರತಿಯನ್ನೂ ಪಡೆಯಿರಿ. ನಂಬರು ಉಜ್ಜಿದ ಎಂಜಿನ್ ಬಿಟ್ಟಿ ಕೊಟ್ಟರೂ ಬೇಡ. ಅದು ಕಳವಿನ ಮಾಲಾಗಿದ್ದರೆ ಪೊಲೀಸ್ ಠಾಣೆಗೆ ಅಲೆಯಬೇಕಾದವರು ನೀವೇ.

ಲೆಕ್ಕ ಹಾಕುವ ಬಗೆ

ಒಂದು ಉದಾಹರಣೆ ನೋಡೋಣ. ಅಂಕಿಗಳು ಲೆಕ್ಕಕ್ಕಾಗಿ ಮಾತ್ರ, ನಿಮ್ಮ ಊರಿನ ದರ ಹಾಕಿಕೊಳ್ಳಿ. ಪೂರ್ತಿ ರಿಪೇರಿಗೆ 70,000 ರೂ., ಹಿಡಿಯುವ ಕಾಲ 12 ದಿನ. ಗುಜರಿ ಎಂಜಿನ್‌ಗೆ ಜೋಡಣೆ ಸೇರಿ 55,000 ರೂ., ಕಾಲ 4 ದಿನ. ಎರಡು ದಿನಕ್ಕೊಮ್ಮೆ ಬಾಡಿಗೆ ವ್ಯಾನು, ಸಲಕ್ಕೆ 2,000 ರೂ. ರಿಪೇರಿಯ ಅವಧಿಯಲ್ಲಿ ಆರು ಸಲ, ಅಂದರೆ 12,000 ರೂ. ಸೇರಿ ಒಟ್ಟು 82,000 ರೂ. ಬದಲಿಯ ಅವಧಿಯಲ್ಲಿ ಎರಡು ಸಲ, 4,000 ರೂ. ಸೇರಿ ಒಟ್ಟು 59,000 ರೂ.

ಮೇಲುನೋಟಕ್ಕೆ ಬದಲಿಯೇ ಅಗ್ಗ. ಆದರೆ ರಿಪೇರಿಯಾದದ್ದು ನಾಲ್ಕು ವರ್ಷ ಓಡಿದರೆ ವರ್ಷಕ್ಕೆ ಬೀಳುವುದು 20,500 ರೂ. ಗುಜರಿ ಎಂಜಿನ್ ಎರಡೇ ವರ್ಷ ಬಂದರೆ ವರ್ಷಕ್ಕೆ 29,500 ರೂ. ಅದೇ ಮೂರು ವರ್ಷ ಬಂದರೆ 20,000 ರೂ.ಗಿಂತ ಕಡಿಮೆ, ಆಗ ಬದಲಿಯೇ ಲಾಭ. ಎಂದರೆ ನಿರ್ಧಾರ ನಿಂತಿರುವುದು ಬೆಲೆಯ ಮೇಲಲ್ಲ, ಬಾಳಿಕೆಯ ಮೇಲೆ. ಬಾಳಿಕೆ ಅಂದಾಜು ಮಾಡಲು ಅಳತೆ ಬೇಕು, ಮಾರುವವರ ಮಾತು ಸಾಲದು.

ಇನ್ನೊಂದು ಮಾತು. ಎಂಜಿನ್‌ಗೆ ಹಣ ಸುರಿಯುವ ಮುಂಚೆ ವ್ಯಾನನ್ನು ಪೂರ್ತಿ ನೋಡಿ. ಚಾಸಿಗೆ ತುಕ್ಕು ಹಿಡಿದು ತಿಂದಿದೆಯೇ? ಗೇರ್ ಬಾಕ್ಸ್, ಬ್ರೇಕ್, ಟೈರ್ ಹೇಗಿವೆ? ಎಫ್.ಸಿ. ಪಾಸಾದೀತೇ? 15 ವರ್ಷ ದಾಟಿದ ಸಾಗಣೆ ವಾಹನದ ಎಫ್.ಸಿ. ಶುಲ್ಕವನ್ನು 2022ರ ಏಪ್ರಿಲ್‌ನಿಂದ ಬಹಳ ಹೆಚ್ಚಿಸಲಾಗಿದೆ. ಎಂಜಿನ್ ಖರ್ಚು ವ್ಯಾನಿನ ಬೆಲೆಯ ಅರ್ಧಕ್ಕಿಂತ ಹೆಚ್ಚಾದರೆ ಮೂರನೆಯ ದಾರಿಯನ್ನೂ ಯೋಚಿಸಿ: ಇದ್ದ ಸ್ಥಿತಿಯಲ್ಲೇ ಮಾರಿ, ಕೆಲ ಕಾಲ ಬಾಡಿಗೆ ವ್ಯಾನಿನಲ್ಲಿ ಸಾಗಿಸುವುದು. ಅದರಲ್ಲಿ ಅವಮಾನವೇನೂ ಇಲ್ಲ.

ಕೆಲಸವಾದ ಮೇಲೆ

ಯಾವ ದಾರಿ ಹಿಡಿದರೂ ರೇಡಿಯೇಟರ್ ಶುಚಿ ಮಾಡಿಸಿ. ಹೋಸ್ ಪೈಪು, ಥರ್ಮೋಸ್ಟಾಟ್, ಫ್ಯಾನ್ ಬೆಲ್ಟ್, ವಾಟರ್ ಪಂಪ್ ನೋಡಿಸಿ. ಕೊಳವೆ ಬಾವಿ ನೀರನ್ನು ಬಿಟ್ಟು, ತಯಾರಕರು ಹೇಳಿದ ಕೂಲಂಟ್ ಹಾಕಿ. ಬೋರ್ ಮಾಡಿಸಿದ ಎಂಜಿನ್‌ಗೆ ಮೊದಲ 1,000 ಕಿ.ಮೀ. ತನಕ ಪೂರ್ತಿ ಹೊರೆ ಹೇರಬೇಡಿ. ಆಮೇಲೆ ಆಯಿಲ್ ಬದಲಿಸಿ.

ಮುಳಬಾಗಿಲಿನ ಆ ರೈತರ ಕಥೆ ಹೇಗೆ ಮುಗಿಯಿತೆಂದು ಕೇಳುವಿರಾ? ಅವರ ಹಳೆಯ ಎಂಜಿನ್ ದನದ ಕೊಟ್ಟಿಗೆಯ ಮೂಲೆಯಲ್ಲೇ ಇತ್ತು. ಬಿಚ್ಚಿಸಿ ನೋಡಿದರೆ ಬ್ಲಾಕ್, ಕ್ರ್ಯಾಂಕ್ ಎರಡೂ ಗಟ್ಟಿ. ಹೆಡ್ ಬದಲಿಸಿ, ರಿಂಗ್ ಮತ್ತು ಬೇರಿಂಗ್ ಹಾಕಿಸಿ, ಹೊಸ ರೇಡಿಯೇಟರಿನೊಂದಿಗೆ ಅದನ್ನೇ ಮತ್ತೆ ಕೂರಿಸಿದರು. ಆರ್.ಸಿ.ಯ ನಂಬರೂ ತನ್ನಷ್ಟಕ್ಕೆ ಸರಿಹೋಯಿತು. ವ್ಯಾನು ಈಗಲೂ ಓಡುತ್ತಿದೆ. ಆದರೆ ಗುಜರಿ ಎಂಜಿನ್‌ಗೆ ಕೊಟ್ಟ ಹಣ ಹೋದದ್ದು ಹೋಯಿತು. ಅವರು ನನ್ನನ್ನು ಒಂದು ಮಾತೂ ಅನ್ನಲಿಲ್ಲ. "ರೋಗ ನೋಡದೆ ಔಷಧಿ ಹೊಡೀಬೇಡಿ ಅಂತ ನೀವೇ ಹೇಳ್ತಿದ್ರಲ್ಲ ಸಾರ್" ಎಂದು ನಕ್ಕರು, ಅಷ್ಟೇ.

ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಹಿರಿಯರು ಹೇಳುತ್ತಾರೆ. ಹಣ್ಣು ಕೊಳೆಯುವಾಗ ಆತುರ ಸಹಜ. ಮೊದಲ ಎರಡು ಸಲ ಬಾಡಿಗೆ ವ್ಯಾನಿನಲ್ಲಿ ಮಾಲು ಕಳುಹಿಸಿ, ಆ ನಾಲ್ಕು ದಿನದಲ್ಲಿ ಎಂಜಿನ್ ಬಿಚ್ಚಿಸಿ ನೋಡಿರಿ. ಆಮೇಲೆ ನಿರ್ಧರಿಸಿರಿ.