ರಂಗತಂಡದ ಜಾಲತಾಣಕ್ಕೆ ಹೊಸ ರೂಪ: ಚೆಕ್ಕಿಗೆ ಸಹಿ ಹಾಕುವ ಮುನ್ನ

ನಮ್ಮ ಸದಸ್ಯರಲ್ಲಿ ಅನೇಕರು ತಮ್ಮ ಊರಿನ ಹವ್ಯಾಸಿ ರಂಗಸಂಸ್ಥೆಗಳಿಗೆ ಅಧ್ಯಕ್ಷರೋ ಖಜಾಂಚಿಗಳೋ ಪೋಷಕರೋ ಆಗಿರುವುದು ಎಲ್ಲರೂ ಬಲ್ಲ ಸಂಗತಿ. ನಾಟಕೋತ್ಸವದ ಸ್ಮರಣ ಸಂಚಿಕೆಗೆ ಅರ್ಧ ಪುಟದ ಜಾಹೀರಾತು ಕೊಡುವುದು ವರ್ತಕ ವರ್ಗದಲ್ಲಿ ಮೊದಲಿನಿಂದ ಬಂದ ರೂಢಿ. ಈಚಿನ ವರ್ಷಗಳಲ್ಲಿ ಇದರೊಡನೆ ಇನ್ನೊಂದು ಬೇಡಿಕೆಯೂ ಸೇರಿಕೊಂಡಿದೆ. ತಂಡದ ಜಾಲತಾಣ ಹಳತಾಗಿದೆ, ಅದಕ್ಕೆ ಹೊಸ ರೂಪ ಕೊಡಿಸಬೇಕು, ತಾವು ಕೈಜೋಡಿಸಬೇಕು ಎಂದು ಕಾರ್ಯದರ್ಶಿಗಳು ಅಂಗಡಿಯ ಬಾಗಿಲಿಗೆ ಬರುತ್ತಾರೆ. ಹಣ ಕೊಡುವವರು ಇಂತಹ ಕೆಲಸದಲ್ಲಿ ಏನನ್ನು ಕೇಳಬೇಕು, ಯಾವುದಕ್ಕೆ ಒಪ್ಪಬಾರದು ಎಂಬುದನ್ನು ಇಲ್ಲಿ ವಿಚಾರಿಸಲಾಗಿದೆ.

ವೃತ್ತಿ ನಾಟಕ ಕಂಪನಿಗಳ ಕಾಲದ ಕರಪತ್ರವನ್ನು ನೆನಪಿಸಿಕೊಳ್ಳಿ. ನಾಟಕದ ಹೆಸರು, ಸ್ಥಳ, ವೇಳೆ, ದರ: ಇಷ್ಟು ವಿವರ ದೊಡ್ಡ ಅಕ್ಷರಗಳಲ್ಲಿ ಇರುತ್ತಿತ್ತು. ಉಳಿದ ವರ್ಣನೆಯೆಲ್ಲ ಅದರ ಕೆಳಗೆ. ಜಾಲತಾಣಕ್ಕೆ ಬರುವ ಪ್ರೇಕ್ಷಕನು ಕೇಳುವುದೂ ಇದನ್ನೇ. ಜೊತೆಗೆ ನಾಟಕದ ಅವಧಿ ಎಷ್ಟು, ಆಸನ ಉಳಿದಿದೆಯೇ, ವಾಹನ ನಿಲ್ಲಿಸಲು ಜಾಗವಿದೆಯೇ ಎಂಬ ಎರಡು ಮೂರು ಪ್ರಶ್ನೆಗಳು. ಆದರೆ ನಮ್ಮ ಎಷ್ಟೋ ತಂಡಗಳ ಮುಖಪುಟದಲ್ಲಿ ಮೊದಲು ಕಾಣುವುದು ದೀಪ ಬೆಳಗಿಸುತ್ತಿರುವ ಗಣ್ಯರ ಚಿತ್ರ ಮತ್ತು ಅಧ್ಯಕ್ಷರ ನುಡಿ. ಇನ್ನು ಕೆಲವು ಹಳೆಯ ತಾಣಗಳಲ್ಲಿ ಪರದೆ ಸರಿಯುವ ಚಲಿಸುವ ಚಿತ್ರವನ್ನು ಫ್ಲ್ಯಾಶ್ ತಂತ್ರಾಂಶದಲ್ಲಿ ಮಾಡಿಸಲಾಗಿತ್ತು. 2020ರ ಡಿಸೆಂಬರ್ 31ಕ್ಕೆ ಅಡೋಬಿ ಸಂಸ್ಥೆಯು ಫ್ಲ್ಯಾಶ್‌ಗೆ ನೀಡುತ್ತಿದ್ದ ಬೆಂಬಲವನ್ನು ನಿಲ್ಲಿಸಿತು. ಅಂತಹ ಪರದೆಗಳು ಈಗ ಸರಿಯುವುದೇ ಇಲ್ಲ.

ಬೆಂಗಳೂರಿನ ರಂಗಶಂಕರ 2004ರಲ್ಲಿ ಆರಂಭವಾದಾಗಿನಿಂದ ವೇಳೆ ಮೀರಿ ಬಂದವರನ್ನು ಒಳಗೆ ಬಿಡದ ಶಿಸ್ತಿಗೆ ಹೆಸರಾಗಿದೆ. ಅಂತಹ ನಿಯಮವಿರುವ ರಂಗಮಂದಿರದ ಪುಟದಲ್ಲಿ ಆ ಒಂದು ಸಾಲು ಟಿಕೆಟ್ ಕೊಳ್ಳುವ ಗುಂಡಿಯ ಪಕ್ಕದಲ್ಲೇ ಇರಬೇಕು. ಹೆಗ್ಗೋಡಿನ ನೀನಾಸಮ್ 1985ರಲ್ಲಿ ಆರಂಭಿಸಿದ 'ತಿರುಗಾಟ'ದಂತಹ ಸಂಚಾರಿ ತಂಡಕ್ಕಾದರೋ ಊರೂರಿನ ದಿನಾಂಕಪಟ್ಟಿಯೇ ಮುಖ್ಯ. ಹೀಗೆ ತಂಡದ ಸ್ವಭಾವವನ್ನು ಅನುಸರಿಸಿ ಪುಟದ ರೂಪವು ನಿರ್ಧಾರವಾಗಬೇಕೇ ಹೊರತು, ವಿನ್ಯಾಸಕಾರರ ಬಳಿ ಸಿದ್ಧವಿರುವ ಅಚ್ಚಿನಿಂದಲ್ಲ.

ಇನ್ನು ಅಕ್ಷರದ ವಿಚಾರ. ಹಣವು ಅತಿ ಹೆಚ್ಚು ಪೋಲಾಗುವುದೂ, ಅತಿ ಹೆಚ್ಚು ಫಲ ದೊರೆಯುವುದೂ ಇಲ್ಲಿಯೇ. ಯೂನಿಕೋಡ್ ಸಂಕೇತದಲ್ಲಿ ಕನ್ನಡಕ್ಕೆ 1991ರಲ್ಲಿಯೇ ಸ್ಥಾನ ದೊರೆತಿದ್ದರೂ ನಮ್ಮ ಮುದ್ರಣಾಲಯಗಳು ಬಹುಕಾಲ ನುಡಿ, ಬರಹ, ಶ್ರೀಲಿಪಿ ಮೊದಲಾದವುಗಳ ಹಳೆಯ ಅಕ್ಷರ ಸಂಕೇತಗಳನ್ನೇ ಬಳಸಿದವು. ಇವುಗಳಲ್ಲಿ ಗಣಕಯಂತ್ರದ ಲೆಕ್ಕಕ್ಕೆ ಇರುವುದು ಇಂಗ್ಲಿಷ್ ಅಕ್ಷರಗಳೇ; ಕಣ್ಣಿಗೆ ಮಾತ್ರ ಕನ್ನಡ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಪುಟ ತೆರೆದರೆ ಅರ್ಥವಿಲ್ಲದ ಚಿಹ್ನೆಗಳ ರಾಶಿ. ಇದನ್ನು ತಪ್ಪಿಸಲು ಕೆಲವರು ಕನ್ನಡ ಬರಹವನ್ನೆಲ್ಲ ಚಿತ್ರವನ್ನಾಗಿ ಮಾಡಿ ಅಂಟಿಸಿದರು. ಎರಡರ ಪರಿಣಾಮವೂ ಒಂದೇ. ಊರಿನಲ್ಲಿ ಈ ವಾರ 'ಹಯವದನ'ದ ಪ್ರದರ್ಶನವಿದೆಯೇ ಎಂದು ಒಬ್ಬರು ಕನ್ನಡದಲ್ಲಿ ಹುಡುಕಿದರೆ, ಗೂಗಲ್‌ನಂತಹ ಶೋಧಕಗಳಿಗೆ ಆ ಪುಟ ಸುಲಭವಾಗಿ ಸಿಕ್ಕುವುದಿಲ್ಲ. ಅಂಗಡಿ ತೆರೆದು ನಾಮಫಲಕವನ್ನು ಗೋಡೆಯ ಕಡೆಗೆ ತಿರುಗಿಸಿಟ್ಟಂತೆ.

ಆದ್ದರಿಂದ ಹೊಸ ರೂಪದ ಕರಾರಿನಲ್ಲಿ, ಹಳೆಯ ಬರಹವನ್ನೆಲ್ಲ ಯೂನಿಕೋಡಿಗೆ ಪರಿವರ್ತಿಸಿ ಕೊಡತಕ್ಕದ್ದು ಎಂಬ ಷರತ್ತು ಇರಲಿ. ಪರಿವರ್ತಕ ತಂತ್ರಾಂಶಗಳು ದೊರೆಯುತ್ತವೆ. ಆದರೆ ಒತ್ತಕ್ಷರ, ಅರ್ಕಾವತ್ತು, ದೀರ್ಘಗಳಲ್ಲಿ ಅವು ಎಡವುವುದುಂಟು. ಒಬ್ಬ ಕನ್ನಡ ಬಲ್ಲವರಿಂದ ಕರಡು ತಿದ್ದಿಸುವ ಖರ್ಚನ್ನು ಮೊದಲೇ ಅಂದಾಜಿನಲ್ಲಿ ಸೇರಿಸುವುದು ಲೇಸು.

ಇಂಗ್ಲಿಷಿಗಾಗಿ ರಚಿಸಿದ ಅಚ್ಚಿನಲ್ಲಿ ಕನ್ನಡವನ್ನು ಸುರಿದರೆ ಬರುವ ತೊಂದರೆಗಳು ಬೇರೆ. ಕನ್ನಡದ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ, ಗುಡಿಸು ಮೇಲಕ್ಕೆ ಏರುತ್ತದೆ. ಸಾಲುಗಳ ನಡುವೆ ಅಂತರ ಹೆಚ್ಚಿಸದಿದ್ದರೆ 'ಸ್ತ್ರೀ' ಎಂಬ ಪದದ ಬಾಲ ಕೆಳಗಿನ ಸಾಲಿಗೆ ತಾಗುತ್ತದೆ. ದೊಡ್ಡಕ್ಷರ, ಸಣ್ಣಕ್ಷರ ಎಂಬ ಭೇದ ನಮ್ಮಲ್ಲಿಲ್ಲ. ಓರೆ ಅಕ್ಷರವೂ ನಮ್ಮ ಲಿಪಿಗೆ ಒಪ್ಪುವಂಥದ್ದಲ್ಲ. ಹಾಗಾಗಿ ಒತ್ತು ಕೊಡಬೇಕಾದ ಕಡೆ ದಪ್ಪ ಅಕ್ಷರವನ್ನೋ ಬಣ್ಣವನ್ನೋ ಅವಲಂಬಿಸಬೇಕು. ಮಾದರಿ ಪುಟವನ್ನು ಒಪ್ಪಿಕೊಳ್ಳುವ ಮುನ್ನ, ನಿಜವಾದ ಕನ್ನಡ ಬರಹವನ್ನೇ ತುಂಬಿಸಿ, ಸಾಧಾರಣ ಬೆಲೆಯ ಮೊಬೈಲಿನಲ್ಲಿ ತೋರಿಸುವಂತೆ ಕೇಳಿರಿ.

ಬಣ್ಣದ ಮಾತು ಬಂದಾಗ ನಾಟಕದವರಿಗೆ ಕಪ್ಪು ಪರದೆಯ ಮೋಹ ಸಹಜ. ಕಪ್ಪು ಹಿನ್ನೆಲೆಯ ಮೇಲೆ ಕಡುಗೆಂಪು ಅಕ್ಷರ ಗಂಭೀರವಾಗಿ ಕಾಣುತ್ತದೆಂಬುದು ನಿಜ, ಆದರೆ ಓದಲು ಬಾರದು. ಸಾಮಾನ್ಯ ಗಾತ್ರದ ಬರಹಕ್ಕೂ ಹಿನ್ನೆಲೆಗೂ ಕನಿಷ್ಠ 4.5:1ರಷ್ಟು ಹೊಳಪಿನ ಅಂತರವಿರಬೇಕೆಂಬುದು ಅಂತರರಾಷ್ಟ್ರೀಯ ಮಾರ್ಗಸೂಚಿ. ಕಡುಗೆಂಪು ಮತ್ತು ಕಪ್ಪಿನ ನಡುವೆ ಅದು ಸುಮಾರು 2:1 ಮಾತ್ರ. ನಾಟಕಗಳ ಕಾಯಂ ಪ್ರೇಕ್ಷಕರಲ್ಲಿ ಅರುವತ್ತು ದಾಟಿದವರು ಎಷ್ಟು ಮಂದಿ ಎಂದು ಸಭಾಂಗಣದಲ್ಲಿ ಒಮ್ಮೆ ಕಣ್ಣು ಹಾಯಿಸಿದರೆ ಸಾಕು. ಚಿತ್ರಗಳನ್ನೂ ಕ್ಯಾಮೆರಾದಿಂದ ಬಂದ ಗಾತ್ರದಲ್ಲಿಯೇ ಹಾಕದೆ ಕುಗ್ಗಿಸಿ ಹಾಕಬೇಕು.

ಪ್ರಾಯೋಜಕರ ಲಾಂಛನದ ಬಗೆಗೂ ಒಂದು ಮಾತು, ಸದಸ್ಯ ಬಂಧುಗಳು ಬೇಸರಿಸಬಾರದು. ಹಣ ಕೊಟ್ಟವರೆಲ್ಲರ ಲಾಂಛನವೂ ಮುಖಪುಟದ ನೆತ್ತಿಯ ಮೇಲೆ ಕುಳಿತರೆ ನಾಟಕದ ಹೆಸರಿಗೆ ಜಾಗವೇ ಉಳಿಯದು.

ರೂಪ ಬದಲಾಯಿಸುವ ಉತ್ಸಾಹದಲ್ಲಿ ಹಳೆಯ ಪುಟಗಳನ್ನು ಅಳಿಸಿಬಿಡುವುದು ದೊಡ್ಡ ನಷ್ಟ. ಯಾವ ವರ್ಷ ಯಾವ ನಾಟಕ, ನಿರ್ದೇಶನ ಯಾರದು, ಪಾತ್ರವರ್ಗದಲ್ಲಿ ಯಾರಿದ್ದರು ಎಂಬ ದಾಖಲೆ ಎಷ್ಟೋ ಹವ್ಯಾಸಿ ತಂಡಗಳಲ್ಲಿ ಬೇರೆಲ್ಲಿಯೂ ಉಳಿದಿರುವುದಿಲ್ಲ. ಮುದ್ರಿತ ಕರಪತ್ರಗಳು ಗೆದ್ದಲಿನ ಪಾಲಾಗಿರುತ್ತವೆ. ಹಳೆಯ ಪುಟಗಳ ವಿಳಾಸಗಳನ್ನು ಉಳಿಸಿಕೊಂಡು, ಅನಿವಾರ್ಯವಾಗಿ ಬದಲಾದ ಕಡೆ ಹೊಸ ವಿಳಾಸಕ್ಕೆ ತಾನಾಗಿಯೇ ಕೊಂಡೊಯ್ಯುವ ಏರ್ಪಾಡು ಮಾಡಬಹುದು. ಇದು ವಿನ್ಯಾಸಕಾರರಿಗೆ ಕಷ್ಟದ ಕೆಲಸವಲ್ಲ, ಆದರೆ ಕೇಳದಿದ್ದರೆ ಮಾಡುವವರು ವಿರಳ.

ಕಡೆಯದಾಗಿ ಒಡೆತನ. ಡೊಮೇನ್ ಹೆಸರು ನೋಂದಣಿಯಾಗಬೇಕಾದದ್ದು ಸಂಸ್ಥೆಯ ಹೆಸರಿನಲ್ಲಿ, ಸಂಸ್ಥೆಯದೇ ಮಿಂಚಂಚೆ ವಿಳಾಸದಲ್ಲಿ. ತಾಣ ಕಟ್ಟಿಕೊಟ್ಟ ತರುಣನ ಹೆಸರಿನಲ್ಲಿದ್ದು, ಆತ ಊರು ಬಿಟ್ಟು ಹೋದರೆ ನವೀಕರಣದ ದಿನ ಕಳೆದುಹೋಗಿ ಹೆಸರು ಅನ್ಯರ ಕೈಸೇರಬಹುದು. ಇನ್ನು 1957ರ ಕೃತಿಸ್ವಾಮ್ಯ ಕಾಯಿದೆಯು ಗಣಕ ತಂತ್ರಾಂಶವನ್ನು ಸಾಹಿತ್ಯಕ ಕೃತಿಯೆಂದು ಪರಿಗಣಿಸುತ್ತದೆ. ಸಂಬಳದ ನೌಕರನಲ್ಲದ ಹೊರಗಿನ ವಿನ್ಯಾಸಕಾರನು ಬರೆದ ತಂತ್ರಾಂಶದ ಹಕ್ಕು, ಹಣ ಪಾವತಿಯಾದ ಮಾತ್ರಕ್ಕೆ ಸಂಸ್ಥೆಗೆ ಬರುವುದಿಲ್ಲ. ಲಿಖಿತವಾಗಿ ಸಹಿ ಮಾಡಿ ವರ್ಗಾಯಿಸಬೇಕು. ವರ್ಗಾವಣೆ ಪತ್ರದಲ್ಲಿ ಅವಧಿ ನಮೂದಿಸದಿದ್ದರೆ ಅದು 5 ವರ್ಷಕ್ಕೆ ಸೀಮಿತವೆಂದು ಕಾಯಿದೆಯ 19ನೆಯ ಪ್ರಕರಣ ಭಾವಿಸುತ್ತದೆ. ಛಾಯಾಚಿತ್ರಗಳದು ಬೇರೆ ಲೆಕ್ಕ: ಹಣ ಕೊಟ್ಟು ತೆಗೆಸಿದ್ದರೆ, ವಿರುದ್ಧವಾದ ಒಪ್ಪಂದವಿಲ್ಲದಿದ್ದಲ್ಲಿ, ಮೊದಲ ಹಕ್ಕು ತೆಗೆಸಿದವರದು. ಸ್ನೇಹಕ್ಕಾಗಿ ಉಚಿತವಾಗಿ ತೆಗೆದುಕೊಟ್ಟಿದ್ದರೆ ಅದು ಛಾಯಾಗ್ರಾಹಕರದೇ. ರಂಗತಂಡಗಳಲ್ಲಿ ಹೆಚ್ಚಿನ ಚಿತ್ರಗಳು ಈ ಎರಡನೆಯ ಬಗೆಯವು. ಒಂದು ಒಪ್ಪಿಗೆ ಪತ್ರ ಬರೆಸಿಕೊಂಡು ಕಡತದಲ್ಲಿಡಲು ಅರ್ಧ ಗಂಟೆ ಸಾಕು.

ಪೂರ್ಣ ಮೊತ್ತವನ್ನು ಮೊದಲ ದಿನವೇ ರೂಪ ಬದಲಾವಣೆಗೆ ಕೊಡುವ ಬದಲು, ಒಂದು ಪಾಲನ್ನು ಮುಂದಿನ 3 ವರ್ಷಗಳ ಹೋಸ್ಟಿಂಗ್, ನವೀಕರಣ ಮತ್ತು ಉಸ್ತುವಾರಿಗೆ ಮೀಸಲಿಟ್ಟು ಪ್ರತಿ ವರ್ಷ ಬಿಡುಗಡೆ ಮಾಡುವುದು ಉಚಿತ. ಪಾಸ್‌ವರ್ಡುಗಳನ್ನು ಕಾರ್ಯದರ್ಶಿಯೂ ಖಜಾಂಚಿಯೂ ಇಬ್ಬರೂ ಬಲ್ಲವರಾಗಿರಲಿ, ಪದಾಧಿಕಾರಿಗಳು ಬದಲಾದಾಗ ಲೆಕ್ಕಪುಸ್ತಕದೊಡನೆ ಅವೂ ಹಸ್ತಾಂತರವಾಗಲಿ.